ಹುಲ್ಲಿನ ಔಷಧಿ ಬಿಡಬೇಕು ಅಂತಿದ್ದೇನೆ, ಕಳೆ ಬಿಡುತ್ತಿಲ್ಲ

ಆಲೂರು ಹೈದ (ಮೊದಲ ಬರಹ)
ಎಲ್ಲರಿಗೂ ನಮಸ್ಕಾರ. ಆಲೂರು ತಾಲ್ಲೂಕು ನಮ್ಮದು. ಎರಡೂವರೆ ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಮೆಣಸು ಹಬ್ಬಿಸಿದ್ದೇನೆ. ಪಕ್ಕದಲ್ಲೇ ಎರಡು ಎಕರೆ ಜೋಳದ ಹೊಲ. ಅಪ್ಪ ಇದ್ದಾಗ ವರ್ಷಕ್ಕೆ ಎರಡು ಸಲ ಆಳು ಬಿಟ್ಟು ಕಸ ಹೊಡೆಸುತ್ತಿದ್ದರು. ನನ್ನ ಕೈಗೆ ಬಂದ ಮೇಲೆ ಆಳು ಸಿಗಲಿಲ್ಲ, ಹುಲ್ಲಿನ ಔಷಧಿಗೆ (ಕಳೆನಾಶಕಕ್ಕೆ) ಬಿದ್ದೆ. ಮೊದಲ ವರ್ಷ ಒಂದೇ ಸಲ ಹೊಡೆಸಿದ್ದು, ತೋಟ ಗುಡಿಸಿದ ಅಂಗಳದ ಹಾಗಾಯಿತು. ಈಗ ಆರನೇ ವರ್ಷ. ಮೂರು ಸಲ ಹೊಡೆಸಿದರೂ ಸಾಲುತ್ತಿಲ್ಲ. ಬೇರೆ ಹುಲ್ಲೆಲ್ಲ ಹೋಗಿ, ನೀಲಿ ಹೂ ಬಿಡುತ್ತಲ್ಲ, ಆ ಕನ್ನೆ ಸೊಪ್ಪು ಮಾತ್ರ ಹಾಸಿಕೊಂಡು ಕೂತಿದೆ.

ಮೇ ಕೊನೇ ವಾರ ಇನ್ನೊಂದು ಎಡವಟ್ಟು ಆಯಿತು. ಔಷಧಿ ಹೊಡೆಯಲು ಬಂದ ಹುಡುಗ ಗಾಳಿ ನೋಡಲಿಲ್ಲ. ನಾನೂ ನೋಡಲಿಲ್ಲ ಅನ್ನಿ, ಸಂತೆಗೆ ಹೋಗಿದ್ದೆ. ಹನ್ನೊಂದು ಮೆಣಸಿನ ಬಳ್ಳಿ ಹಳದಿ ತಿರುಗಿವೆ. ಹೋದ ವರ್ಷ ನೆಟ್ಟ ಕಾಫಿ ಗಿಡಗಳಲ್ಲಿ ಹೊಸ ಎಲೆ ದಾರದ ಹಾಗೆ ಸಣ್ಣಗೆ ಬರುತ್ತಿದೆ. ಇಳಿಜಾರಿನಲ್ಲಿ ಮಣ್ಣು ತೊಳೆದು ಕಾಫಿ ಬೇರು ಹೊರಗೆ ಕಾಣುತ್ತಿದೆ. ಮೊನ್ನೆ ಮಳೆಯಲ್ಲಿ ನಿಂತು ನೋಡಿದೆ, ನೀರು ಟೀ ಬಣ್ಣಕ್ಕೆ ಹರಿಯುತ್ತಿತ್ತು.

ಪೂರ್ತಿ ಬಿಡೋಕಾಗದಿದ್ದರೂ ಪರವಾಗಿಲ್ಲ, ಕಮ್ಮಿ ಮಾಡಬೇಕು. ಮಾಡಿದವರು ಯಾರಾದರೂ ಇದ್ದರೆ ಹೇಳಿ. ಸುಮ್ನೆ "ಸಾವಯವ ಮಾಡಿ" ಅನ್ನಬೇಡಿ ದಯವಿಟ್ಟು.

ಹೇಮಾವತಿ ದಡ
ನಮ್ಮ ಕಡೆಯೂ ಇದೇ ಕಥೆ ಅಣ್ಣ. ಉತ್ತರ ಬಂದರೆ ನಂಗೂ ಬೇಕು.

ಗಿರಿ ಕಾಫಿ
ದಾರದ ಹಾಗೆ ಎಲೆ ಬರುವುದು ಗ್ಲೈಫೋಸೇಟ್ ತಾಗಿದ ಗುರುತು. ಅದು ಎಲೆಯಿಂದ ಒಳಗೆ ಇಳಿದು ಬೇರಿನ ತನಕ ಹೋಗುವ ಔಷಧಿ. ಗಿಡ ಈಗಲೇ ಕೀಳಬೇಡಿ. ಸ್ವಲ್ಪವೇ ತಾಗಿದ್ದರೆ ಮುಂದಿನ ಚಿಗುರಿನಲ್ಲಿ ಸುಧಾರಿಸಬಹುದು. ಮೆಣಸಿನ ಬಳ್ಳಿಗೆ ನಾನು ಭರವಸೆ ಕೊಡಲ್ಲ. ಬಳ್ಳಿ ಬುಡದಲ್ಲಿ ಅಗೆಯಲೂ ಹೋಗಬೇಡಿ. ಬೇರು ಮೇಲೇ ಇರುತ್ತದೆ, ಗಾಯವಾದರೆ ಮಳೆಗಾಲದಲ್ಲಿ ಸೊರಗು ರೋಗಕ್ಕೆ ನೀವೇ ಬಾಗಿಲು ತೆರೆದ ಹಾಗೆ.

ಮಲ್ನಾಡ್ ಮಷೀನ್
ಹುಲ್ಲು ಕೊಚ್ಚೋ ಮಷೀನ್ ತಗೊಳ್ಳಿ ಗುರು. ಕಥೆ ಮುಗೀತು.

ಜಾವಗಲ್ ಜೋಳ
ಮುಗಿಯಲ್ಲ ಮಾರಾಯ. ಅವರಿಗಿರುವುದು ಕನ್ನೆ ಸೊಪ್ಪು. ಅದನ್ನು ಜುಲೈ ಮಳೆಯಲ್ಲಿ ಮಷೀನಿನಿಂದ ಕೊಚ್ಚಿದರೆ ಒಂದೊಂದು ಗೆಣ್ಣೂ ಬೇರು ಬಿಡುತ್ತದೆ. ಒಂದು ಗಿಡ ಇದ್ದ ಕಡೆ ಇಪ್ಪತ್ತು ಆಗುತ್ತದೆ. ಅದರಲ್ಲಿ ಒಂದು ಜಾತಿ ಮಣ್ಣಿನೊಳಗೂ ಸಣ್ಣ ಹೂ ಬಿಟ್ಟು ಬೀಜ ಕಟ್ಟುತ್ತದೆ. ನಂಬಿಕೆ ಇಲ್ಲದಿದ್ದರೆ ಒಂದು ಬುಡ ಕಿತ್ತು ಬೇರಿನ ಹತ್ತಿರ ಬೆಳ್ಳಗೆ ಬಳ್ಳಿ ಇದೆಯಾ ನೋಡಿ. ಗ್ಲೈಫೋಸೇಟಿಗೂ ಅದು ಸುಲಭವಾಗಿ ಬಗ್ಗಲ್ಲ. ಉಳಿದ ಹುಲ್ಲನ್ನೆಲ್ಲ ನೀವೇ ಸಾಯಿಸಿ ಅದಕ್ಕೆ ಜಾಗ ಮಾಡಿಕೊಟ್ಟಿದ್ದೀರಿ, ಅಷ್ಟೇ.

ಮಲ್ನಾಡ್ ಮಷೀನ್
ಓಹ್. ಇದು ಗೊತ್ತಿರಲಿಲ್ಲ. ನಾನು ಎರಡು ವರ್ಷದಿಂದ ಕೊಚ್ಚುತ್ತಿದ್ದೇನೆ, ಅದಕ್ಕೇ ಜಾಸ್ತಿ ಆಗಿರೋದು 😅

ಕೊಪ್ಪದ ಅಡಿಕೆ
ಅದಕ್ಕೆ ನಮ್ಮ ಕಡೆ ಹಿತ್ತಗಣಿ ಅಂತಾರೆ. ಕನ್ನೆ ಅಂದರೆ ಬೇರೆ ಸೊಪ್ಪು ಅಲ್ವಾ?

ಬೇಲೂರಕ್ಕ
ಎರಡೂ ಒಂದೇ. ಮಳೆಗಾಲದಲ್ಲಿ ಬೆರಕೆ ಸೊಪ್ಪಿನ ಸಾರಿಗೆ ಹಾಕುತ್ತೇವೆ. ಹಸು ಸಹ ತಿನ್ನುತ್ತದೆ.

ಹಳೇ ಗದ್ದೆ
ಹಿಂದಿನವರು ಯಾವ ಔಷಧಿ ಹೊಡೆಯುತ್ತಿದ್ದರು? ಕೈಯಲ್ಲೇ ಕಿತ್ತು ಬೆಳೆ ತೆಗೆಯುತ್ತಿದ್ದರು. ಈಗಿನವರಿಗೆ ಸೊಂಟ ಬಗ್ಗಲ್ಲ. ಸೋಮಾರಿತನಕ್ಕೆ ಔಷಧಿ ಇಲ್ಲ.

ಬೇಲೂರಕ್ಕ
ಕೈಯಲ್ಲಿ ಕೀಳುತ್ತಿದ್ದ ಆ "ಹಿಂದಿನವರು" ಯಾರು ಸ್ವಾಮಿ? ನಮ್ಮಮ್ಮ, ನಮ್ಮತ್ತೆ, ಅವರ ಜೊತೆ ಬರುತ್ತಿದ್ದ ಹೆಣ್ಣಾಳುಗಳು. ಕಂಬಳಿ ಕೊಪ್ಪೆ ಹಾಕಿಕೊಂಡು ಬೆಳಿಗ್ಗೆ ಎಂಟಕ್ಕೆ ಸಾಲು ಹಿಡಿದರೆ ಸಂಜೆ ತನಕ ಕುಕ್ಕರಗಾಲು. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು, ರಾತ್ರಿ ಅದಕ್ಕೆ ಬಿಸಿ ಎಣ್ಣೆ. ಗಂಡಸರು ಬದುವಿನ ಮೇಲೆ ನಿಂತು "ಅಲ್ಲೊಂದು ಬಿಟ್ಟಿದ್ದೀಯ ನೋಡು" ಅಂತಿದ್ದರು. ನಮ್ಮೂರಲ್ಲಿ ಇವತ್ತಿಗೂ ಗಂಡಾಳಿಗೆ 600, ಹೆಣ್ಣಾಳಿಗೆ 400. ಕಳೆ ಕೀಳುವುದು ಹೆಣ್ಣಾಳಿನ ಕೆಲಸ ಅಂತ ಬರೆದಿಟ್ಟ ಹಾಗೆ. ನಮ್ಮತ್ತೆ ಎಪ್ಪತ್ತಕ್ಕೆ ಗೂನು ಬಿದ್ದು ನಡೆಯುತ್ತಾರೆ.

ಔಷಧಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಬಂದಿದ್ದು ಸೋಮಾರಿಗಳಿಗೋಸ್ಕರ ಅಲ್ಲ. ಬಿಡಬೇಕು ಅಂದರೆ ಇನ್ಯಾರದೋ ಸೊಂಟದ ಮೇಲೆ ಹಾಕದ ದಾರಿ ಹೇಳಿ.

ಹೇಮಾವತಿ ದಡ
👏👏

ಹಳೇ ಗದ್ದೆ
ಅಕ್ಕ, ತಪ್ಪು ತಿಳಿಯಬೇಡಿ. ನಾನು ಹೇಳಿದ್ದು ಶ್ರದ್ಧೆಯ ಮಾತು. ನಮ್ಮಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇವತ್ತು ನಮ್ಮ ಹೊಲ, ನಾಳೆ ನಿಮ್ಮ ಹೊಲ. ದುಡ್ಡಿನ ಮಾತೇ ಇರಲಿಲ್ಲ.

ಬೇಲೂರಕ್ಕ
ಮುಯ್ಯಿಗೂ ಹೋಗುತ್ತಿದ್ದಿದ್ದು ನಾವೇ.

ಜಾವಗಲ್ ಜೋಳ
ಹೊಲದ ವಿಷಯ ನಾನು ಹೇಳುತ್ತೇನೆ, ತೋಟದ್ದು ಗಿರಿ ಕಾಫಿಯವರು ಹೇಳಲಿ.

ಜೋಳಕ್ಕೆ ಕಳೆ ಕಾಟ ಕೊಡುವುದು ಮೊದಲ 30ರಿಂದ 45 ದಿನ. ಅಷ್ಟರೊಳಗೆ ತೆಗೆದರೆ ಆಮೇಲೆ ಪೈರು ತಾನೇ ನೆರಳು ಕಟ್ಟಿ ಕಳೆಯನ್ನು ಅದುಮುತ್ತದೆ. ಅದಾದ ಮೇಲೆ ಹುಟ್ಟಿದ ಹುಲ್ಲು ನೋಡಿ ತಲೆ ಕೆಡಿಸಿಕೊಳ್ಳಬಾರದು. ನಮ್ಮಪ್ಪ ಕೊಯ್ಲಿನ ತನಕ ಹೊಲ ಹಸನಾಗಿರಬೇಕು ಅನ್ನುತ್ತಿದ್ದರು. ಇಳುವರಿಗೆ ಅಲ್ಲ, ದಾರಿಯಲ್ಲಿ ಹೋಗುವವರು ನೋಡಲಿ ಅಂತ.

ನಾನು ಮಾಡೋದು ಹೀಗೆ. ಮಾಗಿ ಉಳುಮೆ ತಪ್ಪಿಸಲ್ಲ. ಮೊದಲ ಮಳೆ ಬಿದ್ದ ಕೂಡಲೇ ಬಿತ್ತಲ್ಲ. ಹತ್ತು ಹನ್ನೆರಡು ದಿನ ಬಿಡುತ್ತೇನೆ, ಕಳೆ ಹಸಿರಾಗಿ ಎದ್ದು ನಿಲ್ಲುತ್ತದೆ. ಆಗ ಒಂದು ಸಲ ಕುಂಟೆ ಹಾಯಿಸಿ ಬಿತ್ತನೆ. ಮೊದಲ ಸುತ್ತಿನ ಕಳೆ ಬೀಜ ಅಲ್ಲೇ ಖಾಲಿ. ಸಾಲಿಂದ ಸಾಲಿಗೆ 60 ಸೆಂ.ಮೀ. ಬಿಡುತ್ತೇನೆ. ಇಪ್ಪತ್ತನೇ ದಿನಕ್ಕೊಂದು, ಮೂವತ್ತೈದಕ್ಕೊಂದು ಎಡೆಕುಂಟೆ. ಎರಡನೆಯದರಲ್ಲೇ ಬುಡಕ್ಕೆ ಮಣ್ಣು ಏರುತ್ತದೆ. ಸಾಲಿನೊಳಗೆ ಉಳಿದಿದ್ದಕ್ಕೆ ಮಾತ್ರ ಆಳು, ಎಕರೆಗೆ ನಾಲ್ಕೇ ಜನ ಸಾಕು.

ಎತ್ತಿಲ್ಲ ಅಂತೀರಿ, ನಂಗೂ ಇಲ್ಲ. ಸೈಕಲ್ ಕುಂಟೆ ಮಾಡಿಸಿದೆ. ಹಳೇ ಸೈಕಲ್ಲಿನ ಮುಂದಿನ ಚಕ್ರ, ಹ್ಯಾಂಡಲ್, ಹಿಂದೆ ಒಂದು ಅಡ್ಡ ಬ್ಲೇಡು. ನಿಂತುಕೊಂಡೇ ತಳ್ಳಬಹುದು, ಬಗ್ಗೋ ಹಾಗಿಲ್ಲ ಬೇಲೂರಕ್ಕ. ಬ್ಲೇಡು ಮಣ್ಣಿನೊಳಗೆ ಒಂದು ಇಂಚು ಇಳಿದರೆ ಸಾಕು. ನನ್ನದು ಮೊದಲು ಜಾಸ್ತಿ ಇಳಿದು ಎರಡು ಮಾರು ಹೋಗುವಷ್ಟರಲ್ಲಿ ಎದೆ ಬಡಿದುಕೊಳ್ಳುತ್ತಿತ್ತು. ವೆಲ್ಡಿಂಗ್ ಅಂಗಡಿಯವನ ಹತ್ತಿರ ಕೋನ ಬದಲಾಯಿಸಿದ ಮೇಲೆ ಸರಿಹೋಯಿತು.

ತರೀಕೆರೆ ತೆಂಗು
ಅಟ್ರಜಿನ್ ಹೊಡೆದರೆ ಇದೆಲ್ಲ ರಗಳೆಯೇ ಇಲ್ಲವಲ್ಲ? ಬಿತ್ತಿದ ಎರಡು ಮೂರು ದಿನದೊಳಗೆ ಒಂದು ಸಲ ಸಾಕು.

ಜಾವಗಲ್ ಜೋಳ
ಹೌದು, ನಾನೂ ಹೊಡೆಯುತ್ತಿದ್ದೆ. ಆದರೆ ಅಕ್ಕಡಿ ಹೋಯಿತು. ಜೋಳದ ನಡುವೆ ಅಲಸಂದೆ, ಅವರೆ ಹಾಕುವ ಹಾಗಿಲ್ಲ, ಅಟ್ರಜಿನ್ ಅವನ್ನೂ ಸುಡುತ್ತದೆ. ಜೋಳ ಮಾರಿ ಬಂದ ದುಡ್ಡಲ್ಲಿ ಸಂತೆಯಿಂದ ಅವರೆಕಾಯಿ ತರುತ್ತಿದ್ದೆ. ಒಂದು ದಿನ ಚೀಲ ಹಿಡಿದು ಬರುವಾಗ ನಾಚಿಕೆ ಆಯಿತು. ಈಗ ಎರಡು ಸಾಲಿಗೊಂದು ಅಲಸಂದೆ ಹಾಕುತ್ತೇನೆ, ನೆಲ ಮುಚ್ಚುತ್ತದೆ, ಹುಲ್ಲಿಗೆ ಬಿಸಿಲು ಸಿಗಲ್ಲ.

ಕೊಪ್ಪದ ಅಡಿಕೆ
ರಾಗಿ ಅಕ್ಕಡಿಯಲ್ಲಿ ಹುಚ್ಚೆಳ್ಳು ಹೂ ಬಿಟ್ಟಾಗ ನೋಡಬೇಕು. ನಮ್ಮ ಅಜ್ಜಿ ಮನೆ ಚನ್ನರಾಯಪಟ್ಟಣದ ಹತ್ತಿರ. ಈಗ ಎಲ್ಲೂ ಕಾಣಲ್ಲ.

ಲೆಕ್ಕದ ರೈಟರ್
ಎಲ್ಲಾ ಸರಿ, ಲೆಕ್ಕ ಹಾಕೋಣ್ವಾ? ನಾನು ನೋಡಿಕೊಳ್ಳುವ ತೋಟದ ಲೆಕ್ಕ ಇದು. ಔಷಧಿ, ಹೊಡೆಯುವವನ ಕೂಲಿ ಸೇರಿ ಎಕರೆಗೆ ಸುಮಾರು 1,800 ಒಂದು ಸಲಕ್ಕೆ. ಮಷೀನಿನಲ್ಲಾದರೆ ಎಕರೆಗೆ ಎರಡು ದಿನ, ಮಷೀನ್ ಸಮೇತ ಬರುವವನಿಗೆ ದಿನಕ್ಕೆ 1,200, ಪೆಟ್ರೋಲ್ ಬೇರೆ. ಮೂರು ಸಾವಿರಕ್ಕೆ ಕಮ್ಮಿ ಇಲ್ಲ. ಯಜಮಾನರಿಗೆ ನಾನು ಏನಂತ ಹೇಳಲಿ?

ಗಿರಿ ಕಾಫಿ
ರೈಟರೇ, ವರ್ಷಕ್ಕೆ ಮೂರು ಸಲ ಹೊಡೆದರೆ 5,400. ಎರಡು ಸಲ ಕೊಚ್ಚಿಸಿದರೆ ಆರು ಸಾವಿರ ಚಿಲ್ಲರೆ. ವ್ಯತ್ಯಾಸ ಅಷ್ಟೇನಾ? ಇಳಿಜಾರಿನಲ್ಲಿ ಕೊಚ್ಚಿಕೊಂಡು ಹೋಗುವ ಮೇಲ್ಮಣ್ಣಿಗೆ ಬಿಲ್ ಬರಲ್ಲ, ಅದಕ್ಕೇ ನಿಮ್ಮ ಪುಸ್ತಕದಲ್ಲಿ ಇಲ್ಲ. ಕಾಫಿಯ ಆಹಾರ ಹೀರುವ ಬೇರೆಲ್ಲ ಮೇಲಿನ ಒಂದಡಿ ಮಣ್ಣಿನಲ್ಲೇ ಇರುವುದು.

ಕೊಚ್ಚಿದ ಹುಲ್ಲು ಅಲ್ಲೇ ಬಿದ್ದು ಹೊದಿಕೆ ಆಗುತ್ತದೆ. ಬೇರು ಸತ್ತಿಲ್ಲದ ಕಾರಣ ಮಣ್ಣು ಹಿಡಿದುಕೊಂಡಿರುತ್ತದೆ. ಒಂದೇ ಎಚ್ಚರಿಕೆ, ಎಳೇ ಗಿಡದ ಹತ್ತಿರ ನೈಲಾನ್ ದಾರದ ಮಷೀನ್ ಬಿಡಬೇಡಿ. ಸಿಪ್ಪೆ ಸುತ್ತ ಸುಲಿದು ಹೋಗುತ್ತದೆ. ಬುಡದ ಒಂದೂವರೆ ಅಡಿ ಸುತ್ತ ಕೈಯಲ್ಲೇ ತೆಗೆಸಿ, ಉಳಿದಿದ್ದಕ್ಕೆ ಮಷೀನ್. ಕನ್ನಡಕ ಹಾಕಿಸಿ. ಕಲ್ಲು ಸಿಡಿದು ನಮ್ಮಲ್ಲಿ ಒಬ್ಬನ ಹುಬ್ಬು ಹರಿದಿತ್ತು, ಕಣ್ಣು ಸ್ವಲ್ಪದರಲ್ಲಿ ಉಳಿಯಿತು.

ಟೆಕ್ಕಿ ತೋಟ
ಗ್ಲೈಫೋಸೇಟ್ ಬ್ಯಾನ್ ಆಗಿದೆ ಅಲ್ವಾ? ಕ್ಯಾನ್ಸರ್ ಬರುತ್ತದೆ ಅಂತ ಓದಿದ್ದೆ.

ಬಾಳೆಹೊನ್ನೂರು ಬಸ್
ಬ್ಯಾನ್ ಅಲ್ಲ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಪರವಾನಗಿ ಇರುವ ಕೀಟ ನಿಯಂತ್ರಣದವರು ಮಾತ್ರ ಬಳಸಬೇಕು ಅಂತ. ನಮ್ಮ ಹಳ್ಳಿಯಲ್ಲಿ ಅಂಥವರು ಯಾರಿದ್ದಾರೆ ಅಂತ ಕೇಳಬೇಡಿ. ಕ್ಯಾನ್ಸರ್ ವಿಷಯ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು "ಬಹುಶಃ ಕ್ಯಾನ್ಸರ್ ತರಬಹುದು" ಎನ್ನುವ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಆ ಸಾಧ್ಯತೆ ಕಮ್ಮಿ ಅಂದಿತು. ಜಗಳ ಇನ್ನೂ ಮುಗಿದಿಲ್ಲ.

ನಂಗೆ ಅದಕ್ಕಿಂತ ಭಯ ಪ್ಯಾರಕ್ವಾಟ್ ಕಂಡರೆ. ಹೊಡೆದ ಮಾರನೇ ದಿನವೇ ಹುಲ್ಲು ಸುಟ್ಟು ಹೋಗುತ್ತದೆ ಅಂತ ಎಲ್ಲರಿಗೂ ಇಷ್ಟ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ನಮ್ಮ ಪಕ್ಕದ ಊರಿನಲ್ಲಿ ಒಬ್ಬರು ಉಳಿದ ಔಷಧಿಯನ್ನು ಜ್ಯೂಸ್ ಬಾಟಲಿಗೆ ಹಾಕಿ ಕಾಫಿ ಕಣದ ಶೆಡ್ಡಿನಲ್ಲಿ ಇಟ್ಟಿದ್ದರು. ಕೆಲಸಕ್ಕೆ ಬಂದವನು ಬಾಯಾರಿ ಒಂದು ಗುಟುಕು ಕುಡಿದ. ತಕ್ಷಣ ಉಗಿದ ಕೂಡ. ಹತ್ತು ದಿನ ಇದ್ದ. ದಯವಿಟ್ಟು ಬೇರೆ ಬಾಟಲಿಗೆ ಬಗ್ಗಿಸಬೇಡಿ.

ಹೇಮಾವತಿ ದಡ
ಅಯ್ಯೋ ದೇವರೇ.

ಅರೇಹಳ್ಳಿ ಅನುಭವಿ
ವಿಷ ಯಾಕೆ ಬೇಕು? ಕಲ್ಲುಪ್ಪು ಕರಗಿಸಿ ಹೊಡೆಯಿರಿ. ಮೂರೇ ದಿನಕ್ಕೆ ಕಳೆ ಒಣಗುತ್ತದೆ. ಪೂರ್ತಿ ನೈಸರ್ಗಿಕ. ವಿಡಿಯೋ ನೋಡಿದ್ದೇನೆ.

ಗಿರಿ ಕಾಫಿ
ಬೇಡ ಬೇಡ ಬೇಡ. ಅಂಗಳದ ಕಲ್ಲು ಸಂದಿಗೆ ಬೇಕಾದರೆ ಹಾಕಿಕೊಳ್ಳಿ. ತೋಟಕ್ಕೆ ಉಪ್ಪು ಹೊಡೆದರೆ ಅದು ಮಣ್ಣಿನಲ್ಲಿ ಸೇರುತ್ತದೆ, ಕಾಫಿ ಎಲೆ ಅಂಚು ಸುಡುತ್ತದೆ, ಎರೆಹುಳ ಓಡುತ್ತದೆ. ಔಷಧಿಗಿಂತ ಕೆಟ್ಟದ್ದು.

ಅರೇಹಳ್ಳಿ ಅನುಭವಿ
ನೀವು ಕಂಪನಿ ಕಡೆಯವರಾ?

ಗಿರಿ ಕಾಫಿ
ಹೌದು, ತಿಂಗಳಿಗೆ ಒಂದು ಚೀಲ ಉಪ್ಪು ಕೊಡುತ್ತಾರೆ.

ಮೂಡಿಗೆರೆ ಮಂಜು
😂 ಇನ್ನೊಂದು ತಪ್ಪು ತಿಳುವಳಿಕೆ ಇದೆ. ಗ್ಲೈಫೋಸೇಟ್ ಮಣ್ಣಿಗೆ ಬಿದ್ದು ಬೇರಿನಿಂದ ಮೇಲೇರಿ ಕಾಫಿ ಸಾಯುತ್ತದೆ ಅಂತಾರೆ. ಅದು ಮಣ್ಣಿನ ಕಣಕ್ಕೆ ಅಂಟಿಕೊಳ್ಳುವ ಔಷಧಿ. ಕೆರೆಯ ಕೆಂಪು ನೀರಿನಲ್ಲಿ ಕಲಸಿದರೆ ಕೆಲಸ ಮಾಡದಿರುವುದು ಅದಕ್ಕೇ. ಆಲೂರು ಹೈದರ ಗಿಡಕ್ಕೆ ಆಗಿರುವುದು ಗಾಳಿಗೆ ಹಾರಿದ ಹನಿಯಿಂದ. ಹಾಗಾಗಿ ಬಿಡೋಕಾಗದ ಕಡೆ ನಳಿಕೆಗೆ ಟೋಪಿ ಹಾಕಿಸಿ, ಬೆಳಗಿನ ಹೊತ್ತು ಗಾಳಿ ಇಲ್ಲದಾಗ, ಕಳೆ ಇರುವ ತೇಪೆಗೆ ಮಾತ್ರ ಹೊಡೆಸಿ. ಬರೀ ಇಷ್ಟು ಮಾಡಿಯೇ ನಮ್ಮಲ್ಲಿ ಔಷಧಿ ಅರ್ಧಕ್ಕಿಂತ ಕಮ್ಮಿ ಆಗಿದೆ.

ಈಗ ನನ್ನ ಪ್ರಶ್ನೆ. ಅಣ್ಣ, ಆರು ವರ್ಷದ ಹಿಂದೆ ಮರ ಏನಾದರೂ ಕಡಿಸಿದಿರಾ? ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಜಾಸ್ತಿ ಮಾಡಿಸಿದಿರಾ? ಬೆಳೆದ ರೋಬಸ್ಟಾ ತೋಟದಲ್ಲಿ ಇಷ್ಟು ಕಳೆ ಬರಬಾರದು.

ಆಲೂರು ಹೈದ
ಸರಿಯಾದ ಕಡೆ ಚುಚ್ಚಿದಿರಿ. ತಂಗಿ ಮದುವೆಗೆ ನಲವತ್ತು ಸಿಲ್ವರ್ ಓಕ್ ಮರ ಕಡಿಸಿ ಮಾರಿದೆ. ಬದಲಿಗೆ ಏನೂ ನೆಡಲಿಲ್ಲ. ಕನ್ನೆ ಸೊಪ್ಪು ಜಾಸ್ತಿ ಇರುವುದೂ ಅದೇ ಮೇಲಿನ ತಾಕಿನಲ್ಲಿ. ಎರಡನ್ನೂ ಸೇರಿಸಿ ಇವತ್ತಿನ ತನಕ ಯೋಚನೆ ಮಾಡಿರಲಿಲ್ಲ.

ಮೂಡಿಗೆರೆ ಮಂಜು
ಅಲ್ಲಿಗೆ ಬಂತು ನೋಡಿ. ನಿಮ್ಮದು ಕಳೆಯ ಸಮಸ್ಯೆ ಅಲ್ಲ, ಬಿಸಿಲಿನ ಸಮಸ್ಯೆ. ಮಳೆ ಇರುವಾಗಲೇ ಹಾಲವಾಣದ ಗೂಟ ನೆಡಿ, ಬೇಗ ನೆರಳು ಕಟ್ಟುತ್ತದೆ. ಉದುರಿದ ಎಲೆ ಹೊದಿಕೆ ಆಗುತ್ತದೆ, ಮುಂದೆ ಮೆಣಸು ಹಬ್ಬಿಸಬಹುದು. ಜೊತೆಗೆ ಅತ್ತಿ, ಹಲಸು ಏನಾದರೂ ಇಡಿ, ನಿಧಾನಕ್ಕೆ ಬರಲಿ. ಎರಡು ಮೂರು ವರ್ಷ ಹೇಗೋ ತಳ್ಳಬೇಕು.

ಕಾಡಂಚಿನವ
ನೆರಳು, ಹೊದಿಕೆ ಎಲ್ಲಾ ಸರಿ. ನಮ್ಮ ಕಷ್ಟ ಬೇರೆ. ಸಕಲೇಶಪುರ, ಆಲೂರು ಕಡೆ ಆನೆ ತೋಟದಲ್ಲೇ ಇರುತ್ತದೆ. ಎದೆಮಟ್ಟ ಹುಲ್ಲು ಬೆಳೆದರೆ ಹತ್ತು ಮಾರು ದೂರದಲ್ಲಿ ನಿಂತಿದ್ದರೂ ಕಾಣಲ್ಲ. ಮಷೀನ್ ಸದ್ದಿನಲ್ಲಿ ಕಡ್ಡಿ ಮುರಿದಿದ್ದೂ ಕೇಳಲ್ಲ. ಹೋದ ವರ್ಷ ನಮ್ಮ ಕೆಲಸದವನು ಮಷೀನ್ ಅಲ್ಲೇ ಬಿಸಾಡಿ ಓಡಿ ಬಂದ. ಆಮೇಲೆ ಯಾರೂ ಆ ತಾಕಿಗೆ ಹೋಗಲು ಒಪ್ಪಲಿಲ್ಲ. ನಾನು ದಾರಿ ಬದಿ, ಲೈನ್ ಮನೆ (ಕೆಲಸದವರ ಸಾಲುಮನೆ) ಸುತ್ತ ಔಷಧಿ ಹೊಡೆಸುತ್ತೇನೆ. ಬೈಯುವವರು ಬೈಯಲಿ.

ಬೇಲೂರಕ್ಕ
ಇದಕ್ಕೆ ಯಾರು ಬೈಯುತ್ತಾರೆ ಅಣ್ಣ. ಜೀವ ಮೊದಲು.

ಲೆಕ್ಕದ ರೈಟರ್
ಕಾಯಿಕೊರಕದ ವಿಷಯವೂ ಇದೆ. ಕೊಯ್ಲು ಆದ ಮೇಲೆ ಉದುರು ಕಾಫಿ ಆಯಿಸಲೇಬೇಕು, ಇಲ್ಲದಿದ್ದರೆ ಹುಳ ಅದರಲ್ಲೇ ಉಳಿದು ಮುಂದಿನ ಫಸಲಿಗೆ ಹತ್ತುತ್ತದೆ. ಹುಲ್ಲು ಇದ್ದರೆ ಒಂದು ಹಣ್ಣೂ ಕಾಣಲ್ಲ. ಹೊದಿಕೆ ಪ್ರೇಮಿಗಳು ಇದಕ್ಕೆ ಏನಂತೀರಿ?

ಗಿರಿ ಕಾಫಿ
ಒಪ್ಪಿದೆ, ಇದು ಸರಿಯಾದ ಪ್ರಶ್ನೆ. ಅದಕ್ಕೇ ವರ್ಷವಿಡೀ ಬೋಳು ಇಡೋದು ಬೇಡ, ಬೇಕಾದಾಗ ಮಾತ್ರ ಹಸನು ಮಾಡಿ ಅನ್ನುವುದು. ಜೂನ್‌ನಿಂದ ಆಗಸ್ಟ್ ಜಡಿಮಳೆಯಲ್ಲಿ ನೆಲ ಮುಚ್ಚಿರಲಿ, ಮೊಣಕಾಲು ದಾಟಿದರೆ ಸವರಿ. ಮಳೆ ಹಿಂದೆ ಸರಿದ ಮೇಲೆ, ಕೊಯ್ಲಿಗೆ ಮುಂಚೆ, ನೆಲಮಟ್ಟಕ್ಕೆ ಕೊಚ್ಚಿಸಿ. ಕೊಚ್ಚಿದ್ದನ್ನು ಎರಡು ಸಾಲಿನ ನಡುವೆ ಎಳೆದು ಹಾಕಿಸಿ, ಗಿಡದ ಕೆಳಗೆ ಬರಿ ನೆಲ ಸಿಗುತ್ತದೆ. ಉದುರು ಹಣ್ಣು ಬೀಳುವುದು ಅಲ್ಲೇ.

ಟೆಕ್ಕಿ ತೋಟ
ಕಾಂಗ್ರೆಸ್ ಗಿಡಕ್ಕೆ ಏನು ಮಾಡ್ತೀರ? ನಮ್ಮ ಸೈಟ್ ಪೂರ್ತಿ ಅದೇ.

ತರೀಕೆರೆ ತೆಂಗು
ಹೂ ಬಿಡುವ ಮುಂಚೆ ಕೈಗವಸು ಹಾಕಿಕೊಂಡು ಬೇರು ಸಮೇತ ಕೀಳಿ, ಬರಿಗೈಯಲ್ಲಿ ಮುಟ್ಟಿದರೆ ತುರಿಕೆ. ಮಳೆಗಾಲದಲ್ಲಿ ಅದರ ಎಲೆ ಜರಡಿ ಥರ ಆಗಿದ್ದರೆ ಮೆಕ್ಸಿಕೋದಿಂದ ತಂದ ದುಂಬಿಯ ಕೆಲಸ. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದು, ಈಗ ಎಲ್ಲಾ ಕಡೆ ಹಬ್ಬಿದೆ. ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗಿಬಿಡುತ್ತದೆ, ಅದೊಂದೇ ತೊಂದರೆ.

ಬೇಲೂರಕ್ಕ
ನನ್ನದೊಂದು ಬೇಜಾರು ಹೇಳಲಾ? ಔಷಧಿ ಬಂದ ಮೇಲೆ ಬೆರಕೆ ಸೊಪ್ಪು ಹೋಯಿತು. ಅಣ್ಣೆ, ಹೊನಗೊನ್ನೆ, ಗಣಿಕೆ, ಒಂದೆಲಗ, ಕನ್ನೆ. ಮಡಿಲು ತುಂಬ ತಂದು, ಬೇಳೆ ಜೊತೆ ಬೇಯಿಸಿ ಮಸೆದರೆ ಮುದ್ದೆ ಎರಡು ಜಾಸ್ತಿ ಇಳಿಯುತ್ತಿತ್ತು. ಈಗ ನಮ್ಮ ಬದುವಿನಲ್ಲಿ ಸೊಪ್ಪು ಕೀಳುವ ಮುಂಚೆ ಪಕ್ಕದ ಹೊಲದವರನ್ನು "ಯಾವಾಗ ಹೊಡೆದಿರಿ?" ಅಂತ ಕೇಳಬೇಕು.

ಕೊಪ್ಪದ ಅಡಿಕೆ
ಅಣಬೆಯೂ ಕಮ್ಮಿ ಆಗಿದೆ ಅಕ್ಕ. ಗುಡುಗಿದ ಮಾರನೇ ದಿನ ಎದ್ದು ಹೋಗುತ್ತಿದ್ದ ಜಾಗದಲ್ಲಿ ಈಗ ಏನಿಲ್ಲ.

ಹಳೇ ಗದ್ದೆ
ಅಣಬೆಗೆ ಹುತ್ತದ ಮಣ್ಣು ಬೇಕು. ಜೆಸಿಬಿ ಎಲ್ಲಾ ಹುತ್ತ ಕಿತ್ತಿದೆ. ಔಷಧಿ ಮೇಲೆ ಹಾಕಬೇಡಿ.

ಜಾವಗಲ್ ಜೋಳ
ವಿಷಯಕ್ಕೆ ಬನ್ನಿ. ಕನ್ನೆ ಸೊಪ್ಪಿಗೆ ಉತ್ತರ ಕೊಟ್ಟಿಲ್ಲ ನಾವು.

ಮೂಡಿಗೆರೆ ಮಂಜು
ಮೇಲಿನ ತಾಕಿನಲ್ಲಿ ಮಾತ್ರ ಕೈಯಲ್ಲಿ ಎಳೆಸಬೇಕು, ಬೇರೆ ದಾರಿ ಇಲ್ಲ. ಮಳೆಗೆ ಮಣ್ಣು ಮೆತ್ತಗಿರುತ್ತದೆ, ಚಾಪೆ ಸುತ್ತಿದ ಹಾಗೆ ಬರುತ್ತದೆ. ಅಲ್ಲೇ ಗುಡ್ಡೆ ಹಾಕಿದರೆ ಮತ್ತೆ ಬೇರು ಬಿಡುತ್ತದೆ. ಹೊರಗೆ ಸಾಗಿಸಿ ಹಸುವಿಗೆ ಹಾಕಿ, ಇಲ್ಲವೇ ಗುಂಡಿಗೆ ತುಂಬಿ ಮೇಲೆ ಟಾರ್ಪಾಲು ಮುಚ್ಚಿ. ಎಳೆದ ಜಾಗವನ್ನು ಖಾಲಿ ಬಿಡಬೇಡಿ, ಮರಗಸಿ ಮಾಡಿದ ಸೊಪ್ಪು ಹಾಸಿ.

ಆಲೂರು ಹೈದ
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಮೇಲಿನ ತಾಕಿನಲ್ಲಿ ನಾನು, ನನ್ನ ಹೆಂಡತಿ ಸೇರಿ ಎಳೆದೆವು. ಬೇಲೂರಕ್ಕ, ಬದುವಿನ ಮೇಲೆ ನಿಲ್ಲಲಿಲ್ಲ, ನಾನೂ ಸಾಲು ಹಿಡಿದೆ. ಹನ್ನೊಂದು ಗಂಟೆಗೆ ಎದ್ದು ನಿಲ್ಲುವಾಗ ಮರ ಹಿಡಿದುಕೊಳ್ಳಬೇಕಾಯಿತು. ಆರು ಗುಂಟೆ ಆಗಿರಬಹುದು ಅಷ್ಟೇ. ಕಾಲಿಗೆ ಹತ್ತಿದ ಇಂಬಳ (ಜಿಗಣೆ) ಲೆಕ್ಕ ಹಾಕಲಿಲ್ಲ. ಜಾವಗಲ್ ಅಣ್ಣ ಹೇಳಿದ ಹಾಗೆ ಒಂದು ಬುಡ ಕಿತ್ತು ನೋಡಿದೆ. ಬೆಳ್ಳಗೆ ಬಳ್ಳಿ, ತುದಿಯಲ್ಲಿ ಸಣ್ಣ ಕಾಯಿ, ಮಣ್ಣಿನೊಳಗೇ. ಹೆಂಡತಿಗೆ ತೋರಿಸಿದೆ, "ಇದಕ್ಕಾ ಆರು ವರ್ಷ ದುಡ್ಡು ಸುರಿದಿದ್ದು" ಅಂದಳು.

ಈ ವರ್ಷ ತೋಟದಲ್ಲಿ ಇನ್ನು ಔಷಧಿ ಇಲ್ಲ. ಬೇಲಿ ಸಾಲಿಗೆ ಬೇಕಾಗಬಹುದು, ಗ್ಯಾರಂಟಿ ಕೊಡಲ್ಲ. ಜೋಳಕ್ಕೆ ಈ ಸಲ ಅಟ್ರಜಿನ್ ಹೊಡೆದಾಗಿದೆ, ಮುಂದಿನ ವರ್ಷ ಒಂದು ಎಕರೆಗೆ ಸೈಕಲ್ ಕುಂಟೆ. ಹಾಲವಾಣದ ಗೂಟ ಯಾರ ಹತ್ತಿರವಾದರೂ ಇದೆಯಾ? ಐವತ್ತು ಬೇಕು.

ಹೇಮಾವತಿ ದಡ
ನಮ್ಮ ಬೇಲಿಯಲ್ಲೇ ಇದೆ ಅಣ್ಣ. ಭಾನುವಾರ ಬಂದು ಕಡಿದುಕೊಂಡು ಹೋಗಿ. ದುಡ್ಡು ಬೇಡ, ಬರುವಾಗ ಕನ್ನೆ ಸೊಪ್ಪು ಎರಡು ಹೊರೆ ತನ್ನಿ, ಮನೆಯಲ್ಲಿ ಹಸು ಇದೆ.

ಬೇಲೂರಕ್ಕ
ಮೇ ತಿಂಗಳಲ್ಲಿ ಔಷಧಿ ಬಿದ್ದ ತಾಕಿನದ್ದು ಬೇಡ, ಈಗಲೇ ಹೇಳಿದ್ದೇನೆ.

ಆಲೂರು ಹೈದ
ಇಲ್ಲ ಅಕ್ಕ, ಹಳ್ಳದ ಬದಿಯದ್ದು ತರುತ್ತೇನೆ. ಅಲ್ಲಿಗೆ ಯಾವತ್ತೂ ಹೊಡೆದಿಲ್ಲ.